ಯಾವ ಆಟಕ್ಕೆ ಸೇರಿಸಲಿ, ಸ್ವಾಮಿ?

ಹಲವು ವರ್ಷಗಳ ಹಿಂದಿನ ಮಾತು. ಶಾಲೆಗಳು ಪುನರಾರಂಭವಾದ ಜೂನ್ ತಿಂಗಳ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಹುಡುಗ ಆಗತಾನೇ ಎಂಟನೆಯ ತರಗತಿಗೆ ಕಾಲಿಟ್ಟಿದ್ದ. "ಸ್ವಾಮಿ, ಇವನನ್ನು ಯಾವ ಆಟಕ್ಕೆ ಸೇರಿಸಿದರೆ ಮೈ ಇಳಿಯುತ್ತದೆ? ನೋಡಿದವರೆಲ್ಲ ಒಂದೊಂದು ಮಾತನಾಡುತ್ತಾರೆ" ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಗುರುಮಠದ ದಿನಗಳಲ್ಲಿ ಸಂಜೆಯಾದರೆ ಫುಟ್‌ಬಾಲ್ ಆಡಿ ಬೆಳೆದವನು ನಾನು. ಹಿಂದುಮುಂದು ಯೋಚಿಸದೆ, "ಫುಟ್‌ಬಾಲಿಗೆ ಸೇರಿಸಿ, ಮೂರೇ ತಿಂಗಳಲ್ಲಿ ನೋಡಿ" ಎಂದುಬಿಟ್ಟೆ. ಶಾಲೆಯ ಆಡಳಿತದ ಹೊಣೆ ಅಂದು ನನ್ನ ಮೇಲಿದ್ದುದರಿಂದ ನನ್ನ ಮಾತು ಆಜ್ಞೆಯಾಯಿತು.

ಆದದ್ದೇನು? ಓಡಲಾರನೆಂದು ಅವನನ್ನು ಗೋಲಿನ ಮುಂದೆ ನಿಲ್ಲಿಸಿದರು. ಚೆಂಡು ಒಳಹೊಕ್ಕಾಗಲೆಲ್ಲ ನಗು, ಜೊತೆಗೊಂದು ಅಡ್ಡಹೆಸರು. ತಿಂಗಳು ತುಂಬುವ ಮೊದಲೇ, ಆಟದ ಅವಧಿ ಬಂತೆಂದರೆ ಅವನಿಗೆ ಹೊಟ್ಟೆನೋವು. ಆ ನೋವು ಹೊಟ್ಟೆಯದಲ್ಲವೆಂದು ಅರಿಯಲು ನನಗೆ ಬಹಳ ದಿನ ಬೇಕಾಯಿತು. ನನ್ನ ತಪ್ಪಿದ್ದುದು ಫುಟ್‌ಬಾಲ್ ಎಂದು ಹೇಳಿದ್ದರಲ್ಲಲ್ಲ. ಆಡಬೇಕಾದವನನ್ನು ಒಂದು ಮಾತೂ ಕೇಳದೆ ಹೇಳಿದ್ದರಲ್ಲಿ.

ಹಾಗಾದರೆ, ಮೈ ಚೆನ್ನಾಗಲೆಂದು ಮಕ್ಕಳಿಗೆ ಆಟವೊಂದನ್ನು ಆರಿಸುವುದು ತಪ್ಪೇ? ಖಂಡಿತ ಅಲ್ಲ. ದೇಹ ಸೃಷ್ಟಿಕರ್ತರ ಕೊಡುಗೆ. ಅದನ್ನು ಕಾಪಾಡಿಕೊಳ್ಳುವುದು ಕರ್ತವ್ಯ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಷ್ಟು ಮೈದಣಿಸಬೇಕು, ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ವಾರದಲ್ಲಿ 3 ದಿನವಾದರೂ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ಅದೇ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿಯಿಂದ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2016ರಲ್ಲಿ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ನೂರಕ್ಕೆ 81 ಮಂದಿ ಈ ಮಟ್ಟವನ್ನು ಮುಟ್ಟಿರಲಿಲ್ಲ. ಹುಡುಗರಲ್ಲಿ ಅದು ನೂರಕ್ಕೆ 78, ಹುಡುಗಿಯರಲ್ಲಿ 85.

ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವವರು ನಾವೇ. ಹತ್ತನೆಯ ತರಗತಿ ಬಂತು, ಇನ್ನು ಆಟ ಸಾಕು ಎನ್ನುವವರು ನಾವೇ. ಮಗಳು ಮೈನೆರೆದ ಮರುದಿನದಿಂದ ಅವಳನ್ನು ಮೈದಾನದಿಂದ ಮನೆಯೊಳಕ್ಕೆ ಕರೆದುಕೊಳ್ಳುವವರೂ ನಾವೇ. ವರ್ಷಗಟ್ಟಲೆ ಕೂರಿಸಿದವರು ನಾವು. ಬಳಿಕ, ಮೈ ಬಂದಿದೆಯೆಂದು ಆಡಿಕೊಳ್ಳುವುದು ಮಗುವನ್ನು! ಇದು ನ್ಯಾಯವೇ?

ದೇಹದ ಬಗ್ಗೆ ಕಾಳಜಿ ಬೇರೆ, ದೇಹದ ಬಗ್ಗೆ ನಾಚಿಕೆ ಬೇರೆ. "ಮೈ ಇಳಿಸು" ಎಂಬ ಮಾತನ್ನು ನಾವು ಆರೋಗ್ಯದ ಮಾತೆಂದುಕೊಂಡು ಆಡುತ್ತೇವೆ. ಮಗುವಿನ ಕಿವಿಗೆ ಅದು "ನೀನು ಈಗಿರುವ ಹಾಗೆ ನಮಗೆ ಬೇಡ" ಎಂದು ಕೇಳಿಸುತ್ತದೆ. ನಾಚಿಕೆಯಿಂದ ಮೈದಾನಕ್ಕಿಳಿದ ಮಗುವಿಗೆ ಆಟ ಒಂದು ಶಿಕ್ಷೆ. ಕಾವಲಿನವನು ಅತ್ತ ತಿರುಗಿದೊಡನೆ ಶಿಕ್ಷೆಯಿಂದ ತಪ್ಪಿಸಿಕೊಳ್ಳುವುದು ಸಹಜ. ಸಂತೋಷದಿಂದ ಆಡಿದ ಮಗುವಾದರೋ ಮರುದಿನ ಕರೆಯದೆಯೇ ಬರುತ್ತದೆ. ಆಟದಿಂದ ಮೈಗೆ ದೊರೆಯುವ ಲಾಭವೆಲ್ಲ ಇರುವುದು ಈ ಮರಳಿ ಬರುವುದರಲ್ಲಿಯೇ ಅಲ್ಲವೇ? ಜೊತೆಗೆ, ಬೆಳೆಯುವ ಮಕ್ಕಳಿಗೆ ತೂಕವೊಂದೇ ಅಳತೆಯಲ್ಲ. ವಯಸ್ಸು ಮತ್ತು ಎತ್ತರಗಳನ್ನು ಸೇರಿಸಿ ನೋಡಿಯೇ ವೈದ್ಯರು ನಿರ್ಣಯಿಸುತ್ತಾರೆ. ಅವರನ್ನು ಕೇಳದೆ ಮಗುವಿನ ತಟ್ಟೆಯಿಂದ ಅನ್ನ ಕಡಿಮೆ ಮಾಡುವುದು ಸಲ್ಲದು.

ಹಾಗೆಂದರೆ ಶಿಸ್ತು ಬೇಡವೇ? ಬೇಕು. ಎರಡು ವರ್ಷಗಳಿಗೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿದ್ದುದು ಕೊರಿಂಥ ಪಟ್ಟಣದ ಬಳಿಯಲ್ಲಿ. ಆ ಪಟ್ಟಣದವರಿಗೆ ಬರೆದ ಪತ್ರದಲ್ಲಿ ಪ್ರೇಷಿತ ಪೌಲರು ಓಟಗಾರರ ಸಂಯಮವನ್ನು ವಿಶ್ವಾಸದ ಬಾಳಿಗೆ ಹೋಲಿಸಿದ್ದಾರೆ. ದೇಹವು ಪವಿತ್ರಾತ್ಮರ ಆಲಯವೆಂದು ಅವರು ನೆನಪಿಸುವುದೂ ಅದೇ ಪತ್ರದಲ್ಲಿ. ಎರಡನ್ನೂ ಒಟ್ಟಿಗೆ ಓದಿದಾಗ ಅರ್ಥ ತಿಳಿಯಾಗುತ್ತದೆ. ಶಿಸ್ತು ಎಂಬುದು ಒಂದು ಗುರಿಯ ಮೇಲಿನ ಒಲವಿನಿಂದ ಓಟಗಾರನೇ ಕೈಗೊಳ್ಳುವಂಥದು. ಇತರರ ನಗೆಗೆ ಹೆದರಿ ತಲೆಯ ಮೇಲೆ ಹೊತ್ತದ್ದು ಶಿಸ್ತಲ್ಲ, ಹೊರೆ.

ಮತ್ತೆ ಆ ಹುಡುಗನ ವಿಷಯಕ್ಕೆ ಬರೋಣ. ನಾನು ಕೇಳದಿದ್ದ ಪ್ರಶ್ನೆಯನ್ನು ಕೊನೆಗೆ ಕೇಳಿದವರು ನಮ್ಮ ದೈಹಿಕ ಶಿಕ್ಷಕರು: "ನಿನಗೆ ಯಾವ ಆಟ ಇಷ್ಟ?" ಅವನೆಂದ: "ಖೋ ಖೋ, ಸಾರ್." ಅದು ಚುರುಕು ಕಾಲಿನವರ ಆಟ, ಇವನಿಗೆ ಹೇಗೆ ಒಗ್ಗೀತು ಎಂದು ನನಗೆ ಸಂದೇಹ. ಶಿಕ್ಷಕರು ನಕ್ಕು ನನಗೇ ಪಾಠ ಹೇಳಿದರು. ಅಟ್ಟುವ ತಂಡದಲ್ಲಿ ಒಂಬತ್ತು ಮಂದಿ. ಎಂಟು ಮಂದಿ ನಡುಸಾಲಿನಲ್ಲಿ ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖಮಾಡಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ, ಅಟ್ಟುವವನು ಒಬ್ಬನೇ. ಅವನು ನಡುಸಾಲನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ. ಆಚೆಗೆ ಜಿಗಿದ ಎದುರಾಳಿಯನ್ನು ಹಿಡಿಯಲು ಅವನಿಗಿರುವ ದಾರಿಯೆಂದರೆ, ಕುಳಿತ ಗೆಳೆಯನ ಬೆನ್ನು ಮುಟ್ಟಿ "ಖೋ" ಎಂದು ತನ್ನ ಸ್ಥಾನವನ್ನು ಬಿಟ್ಟುಕೊಡುವುದು. ಕೂತು ಏಳುವುದರಲ್ಲೇ ಕಾಲಿಗೆ ಬಲ ಬರುತ್ತದೆ. ಓಟ ತುಂಡುತುಂಡಾಗಿರುವುದರಿಂದ ಉಸಿರಿಗೆ ಬಿಡುವೂ ಉಂಟು. ನಿಧಾನದ ಹುಡುಗನಾದರೂ ಹೊತ್ತರಿತು "ಖೋ" ಕೊಟ್ಟರೆ ತಂಡಕ್ಕೆ ಬೇಕಾದವನೇ. ಒಬ್ಬನ ಮಿತಿ ಮುಗಿದಲ್ಲಿ ಇನ್ನೊಬ್ಬನು ಏಳುವ ಈ ಆಟದಲ್ಲಿ ಒಂದು ಒಳ್ಳೆಯ ಕುಟುಂಬದ ಲಕ್ಷಣವನ್ನೇ ನಾನು ಕಂಡೆ. ಹಳ್ಳಿಯ ಆಟವೆಂದು ಹಲವರು ಕಡೆಗಣಿಸಿದ್ದ ಈ ಖೋ ಖೋಗೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದು, ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದಾಗ ನನಗೆ ಮೊದಲು ನೆನಪಾದವನು ಆ ಹುಡುಗನೇ.

ಡಿಸೆಂಬರಿನಲ್ಲಿ ತಾಯಿ ಮತ್ತೆ ಬಂದರು. "ಎರಡೇ ಕಿಲೋ ಇಳಿದಿರುವುದು, ಸ್ವಾಮಿ" ಎಂದು ನಿರಾಶೆಯಿಂದ ಹೇಳಿದರು. ಬಳಿಕ ಸ್ವಲ್ಪ ಸಿಡುಕಿನಿಂದಲೇ, "ದಿನಾ ಸಂಜೆ ಮಣ್ಣು ಮೆತ್ತಿಕೊಂಡು ಬರುತ್ತಾನೆ, ಬಟ್ಟೆ ಒಗೆದು ಒಗೆದು ಸಾಕಾಗಿದೆ" ಎಂದರು. "ಹೊಟ್ಟೆನೋವು?" ಎಂದು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಾದರು. "ಆ ಮಾತೇ ಎತ್ತುವುದಿಲ್ಲ, ಸ್ವಾಮಿ" ಎಂದರು. ನನ್ನ ಲೆಕ್ಕದಲ್ಲಿ ಆ ಎರಡು ಕಿಲೋಗಿಂತ ಈ ಮಣ್ಣು ಮೆತ್ತಿದ ಬಟ್ಟೆಯೇ ತೂಕದ್ದು.

ಪ್ರಿಯ ತಂದೆತಾಯಂದಿರೇ, ಮಕ್ಕಳನ್ನು ಆಟಕ್ಕೆ ಸೇರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಮಗುವಿನ ಇಷ್ಟವನ್ನು ವಿಚಾರಿಸಿದ್ದೇವೆಯೇ? ನಿತ್ಯ ಆಡಲು ಸಾಧ್ಯವಾಗುವಷ್ಟು ಹತ್ತಿರ, ಅಗ್ಗ ಮತ್ತು ಸುರಕ್ಷಿತ ಆಟವೇ ಅದು? ಆ ಮೈದಾನದಲ್ಲಿ ಕೊನೆಯವನಾಗಿ ಓಡುವ ಮಗುವಿಗೂ ಜಾಗವಿದೆಯೇ? ಶಾಲೆ ನಡೆಸುವ ನಾವು ಗುರುಗಳು ಈ ಮೂರನೆಯ ಪ್ರಶ್ನೆಗೆ ಉತ್ತರ ಕೊಡಬೇಕು. ಪಂದ್ಯಾವಳಿಗೆ ಹೋಗುವ ತಂಡಕ್ಕೆ ಹತ್ತು ಹನ್ನೆರಡು ಮಕ್ಕಳಿದ್ದರೆ ಸಾಕು. ಉಳಿದ ನೂರಾರು ಮಕ್ಕಳು ಚಪ್ಪಾಳೆ ತಟ್ಟುವುದಕ್ಕಾಗಿಯೇ ಹುಟ್ಟಿದವರಲ್ಲ. ಟ್ರೋಫಿಗಳ ಕಪಾಟು ತುಂಬಿದ್ದು, ಸಂಜೆಯ ಮೈದಾನ ಬರಿದಾಗಿದ್ದರೆ ಆ ಶಾಲೆ ಗೆದ್ದಿತೆಂದು ಹೇಳಲು ನನಗಿಂದು ಧೈರ್ಯ ಬರುವುದಿಲ್ಲ.