ಬಿತ್ತನೆಯದ್ದೇ ತಪ್ಪೇ?

ಇಂದಿನ ಧಮ್ಮ ಚಿಂತನೆ



ಎರಡೂವರೆ ತಿಂಗಳ ಹಿಂದೆ ನಮ್ಮ ಬಳಗದಲ್ಲಿ ಕರ್ಮದ ಚರ್ಚೆ ನಡೆದಾಗ ನಾನು ಬಹಳ ಜೋರಾಗಿ ಮಾತಾಡಿದ್ದು ನಿಮಗೆ ನೆನಪಿರಬಹುದು. ಹಿಂದಿನ ಜನ್ಮದ ಪಾಪ ಅನ್ನುವುದು ನಮ್ಮವರನ್ನು ತುಳಿಯಲು ಕಟ್ಟಿದ ಕಥೆ ಅಂದಿದ್ದೆ. ಆ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಮಾರನೇ ದಿನ ಗುಂಡ್ಲುಪೇಟೆ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ.

ಅಕ್ಕನ ಮೊಮ್ಮಗಳಿಗೆ ಏಳು ವರ್ಷ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಂದಿಲ್ಲ. ಅಕ್ಕನ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಇದೆ, ದಿನಾ ಪಂಚಶೀಲ ಹೇಳುತ್ತಾಳೆ. ಆದರೂ ಅವತ್ತು ಮಗುವಿನ ತಲೆ ಬಾಚುತ್ತಾ, "ಯಾವ ಜನ್ಮದಲ್ಲಿ ಏನ್ ಪಾಪ ಮಾಡಿದ್ನೋ ಕಣಪ್ಪ" ಅಂದಳು. ಹಿಂದಿನ ದಿನದ ಬಿಸಿ ನನಗಿನ್ನೂ ಆರಿರಲಿಲ್ಲ. ದೀಕ್ಷೆ ತಗೊಂಡವಳು ಹೀಗೆ ಮಾತಾಡಬಹುದಾ ಎಂದು ಅರ್ಧ ಗಂಟೆ ಉಪದೇಶ ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ಪಾಪ ನಂದು ಅಂದ್ಕಂಡ್ರೆ ಮಗೀದಲ್ಲ ಅಂತ ಆಯ್ತದೆ. ಊರೋರು ಯಾರ ಮೇಲಾದ್ರೂ ಹಾಕ್ಲೇಬೇಕಲ್ಲ."

ನನ್ನ ಹತ್ತಿರ ಉತ್ತರವಿರಲಿಲ್ಲ. ಹೊರಡುವಾಗ ಅವಳು ಏನೂ ಆಗದವಳ ಹಾಗೆ ಅರ್ಧ ಕಿಲೋ ಸಾಂಬಾರ್ ಈರುಳ್ಳಿ ಕಟ್ಟಿಕೊಟ್ಟಳು. "ಹಿತ್ತಲಲ್ಲಿ ಹಾಕು."

ಸಾಂಬಾರ್ ಈರುಳ್ಳಿ ನಮ್ಮ ಸೀಮೆಯ ಹೊಲದ ಬೆಳೆ. ಹೆಚ್ಚಾಗಿ ಗೆಡ್ಡೆಯನ್ನೇ ನೆಡುತ್ತಾರೆ. ಒಂದು ಗೆಡ್ಡೆ ನೆಲದೊಳಗೆ ಒಡೆದು ಐದೋ ಆರೋ ಆಗುತ್ತದೆ. ನನಗೆ ಹೊಲವಿಲ್ಲ, ಮನೆಯ ಹಿಂದೆ ಸ್ವಲ್ಪ ಜಾಗವಿದೆ. ಅರ್ಧವನ್ನು ಕಾಂಪೌಂಡ್ ಗೋಡೆಯ ಪಕ್ಕ ಮಣ್ಣು ಏರಿಸಿ, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ತುದಿ ಕಾಣುವ ಹಾಗೆ ಅಂಗೈ ಅಗಲಕ್ಕೊಂದರಂತೆ ಊರಿದೆ. ಅಷ್ಟರಲ್ಲಿ ಸೊಂಟ ಹಿಡಿಯಿತು. ಉಳಿದರ್ಧವನ್ನು ಬಚ್ಚಲ ನೀರು ಹರಿಯುವ ಕಡೆ ಹಾಕಿಬಿಟ್ಟೆ. ನೀರು ಹೊರುವುದು ತಪ್ಪಿತು ಎಂಬ ಲೆಕ್ಕ.

ತಿಂಗಳಾಗುವಷ್ಟರಲ್ಲಿ ಬಚ್ಚಲ ಕಡೆಯವು ಹಳದಿಯಾದವು. ಒಂದನ್ನು ಕಿತ್ತರೆ ಬುಡ ಕೊಳೆತು ನಾರುತ್ತಿತ್ತು. ಅಕ್ಕನಿಗೆ ಫೋನ್ ಮಾಡಿ ಮೊದಲು ಹೇಳಿದ್ದೇ, "ನೀನು ಕೊಟ್ಟ ಬಿತ್ತನೆ ಸರಿಯಿಲ್ಲ."

"ಗೋಡೆ ಪಕ್ಕದವು ಹೆಂಗವೆ?" ಅಂದಳು.

ಅವು ಚೆನ್ನಾಗಿದ್ದವು. ಅದೇ ಚೀಲದ ಗೆಡ್ಡೆ, ಅದೇ ದಿನ ನೆಟ್ಟಿದ್ದು. ಈರುಳ್ಳಿಗೆ ಹಸಿ ಬೇಕು, ನಿಂತ ನೀರು ಆಗದು. ಪಾತಿ ಮಾಡಿದವನು ನಾನು, ಬೈದದ್ದು ಗೆಡ್ಡೆಯನ್ನು.

ಹುಟ್ಟನ್ನು ಬೈದರೆ ಪಾತಿ ಮಾಡಿದವನು ಪಾರಾಗುತ್ತಾನೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕೇಳಿರುವುದು ಇದನ್ನೇ. ಬಡವರ, ಕೆಳಗಿಟ್ಟವರ ಸ್ಥಿತಿಗೆ ಹಿಂದಿನ ಜನ್ಮ ಕಾರಣವಾದರೆ ಸರ್ಕಾರಕ್ಕೂ ಸಮಾಜಕ್ಕೂ ಯಾವ ಹೊಣೆಯೂ ಉಳಿಯುವುದಿಲ್ಲ. ಇದನ್ನು ನಾನು ಎಷ್ಟೋ ಸಲ ಓದಿ ಹೇಳಿದ್ದೇನೆ. ಪಾರಾಗುವವರ ಸಾಲಿನಲ್ಲಿ ನಾನೂ ನಿಂತಿರಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

ಹೋದ ವಾರ ಈರುಳ್ಳಿ ಕೀಳಲು ಅಕ್ಕ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಸೊಪ್ಪು ಬಾಗಿತ್ತು, ಎಂಟು ದಿನದಿಂದ ನೀರು ನಿಲ್ಲಿಸಿದ್ದೆ. ನೆರಳಲ್ಲಿ ಹರಡಿಕೊಂಡು ಕೂತಾಗ ಸಂಯುತ್ತ ನಿಕಾಯದ ಸೀವಕನ ಪ್ರಸಂಗ ಹೇಳಿದೆ. ಈ ಸಲ ಉಪದೇಶದ ಧಾಟಿ ಇರಲಿಲ್ಲ ಅಂದುಕೊಂಡಿದ್ದೇನೆ. ಸೀವಕ ಒಬ್ಬ ಪರಿವ್ರಾಜಕ. ಮನುಷ್ಯ ಅನುಭವಿಸುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರಲ್ಲ, ನಿಜವೇ ಎಂದು ಬುದ್ಧರನ್ನು ಕೇಳಿದ. ಬುದ್ಧರು ಹಾಗಲ್ಲ ಅಂದರು. ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾದದ್ದು, ಅಜಾಗರೂಕತೆ, ಬೇರೆಯವರ ಏಟು, ಕರ್ಮಫಲ ಎಂದು ಎಂಟು ಕಾರಣ ಹೇಳಿದರು. ಕರ್ಮ ಆ ಎಂಟರಲ್ಲಿ ಒಂದು, ಅದೂ ಕಡೆಯದು. ಎಲ್ಲವನ್ನೂ ಅದೊಂದಕ್ಕೇ ಕಟ್ಟುವವರು ಕಣ್ಣಿಗೆ ಕಾಣುವುದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಅಂದರು.

"ಹಂಗಾರೆ ಇದು ಯಾರ ತಪ್ಪೂ ಅಲ್ವಾ?" ಅಂದಳು ಅಕ್ಕ, ಮಗುವಿನ ಕಡೆ ನೋಡುತ್ತಾ.

"ಕಿವಿ ಕೇಳದ್ದು ಯಾರ ತಪ್ಪೂ ಅಲ್ಲ ಅಕ್ಕ. ನಿಂದೂ ಅಲ್ಲ, ಅದರದ್ದೂ ಅಲ್ಲ. ಏಳು ವರ್ಷ ನಾವು ಸುಮ್ಮನಿದ್ದದ್ದು ತಪ್ಪು."

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದಾಗಲೆಲ್ಲ ಬಿಸ್ಕತ್ತು ಒಯ್ದೆ, ಸಿದ್ಧಾಂತ ಒಯ್ದೆ, ಬಸ್ಸು ಮಾತ್ರ ಹತ್ತಿಸಲಿಲ್ಲ. ಬೇಗ ಹೋಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಯೋಚಿಸಿದಾಗ ಈಗಲೂ ನಿದ್ದೆ ಬರುವುದಿಲ್ಲ. ಅದನ್ನು ಯಾವ ಜನ್ಮದ ಮೇಲೂ ಹಾಕುವ ಹಾಗಿಲ್ಲ.

ಅಕ್ಕ ಏನೂ ಅನ್ನಲಿಲ್ಲ. ಮಗು ಒಂದು ಬುಡ ಕಿತ್ತು, ಮಣ್ಣು ಕೊಡವಿ, ಗೆಡ್ಡೆಗಳನ್ನು ಬಿಡಿಸಿ ಸಾಲಾಗಿ ಇಟ್ಟು ನನಗೆ ಆರು ಬೆರಳು ತೋರಿಸಿತು. ಎಣಿಸಲು ಅದಕ್ಕೆ ಯಾರು ಕಲಿಸಿದರೋ ಗೊತ್ತಿಲ್ಲ.

ಸೋಮವಾರ ಮೂವರೂ ಮೈಸೂರಿಗೆ ಹೋಗುತ್ತಿದ್ದೇವೆ. ಹಾಗಾಗಿ ಅವತ್ತಿನ ಚಿಂತನೆಯನ್ನು ಬೇರೆ ಯಾರಾದರೂ ಬರೆದು ಕಳಿಸಿ.

ನಮೋ ಬುದ್ಧಾಯ. ಜೈಭೀಮ್.