ದಿಟ್ಟತನವೋ, ಧಾರ್ಷ್ಟ್ಯವೋ?



'ನಮ್ಮ ಮಗಳು ಬಹಳ ಬೋಲ್ಡ್' ಎಂದು ನೆಂಟರ ಮುಂದೆ ಹಿಗ್ಗುತ್ತೇವೆ. ಅದೇ ಮಗಳು ನಮ್ಮ ತಪ್ಪನ್ನು ಎತ್ತಿ ತೋರಿಸಿದರೆ, 'ಇವಳ ಬೋಲ್ಡ್‌ತನ ಹೆಚ್ಚಾಯಿತು' ಎಂದು ಗದರುತ್ತೇವೆ. ಆ ಇಂಗ್ಲಿಷ್ ಪದಕ್ಕೆ ಧೈರ್ಯವೂ ಅರ್ಥ, ಉದ್ಧಟತನವೂ ಅರ್ಥ. ನಮ್ಮ 'ದಿಟ್ಟ', 'ಧಾರ್ಷ್ಟ್ಯ' ಎರಡೂ 'ಧೃಷ್ಟ' ಎಂಬ ಒಂದೇ ಮೂಲದವು.

ಶಾಲೆಯಲ್ಲಿ ಓದಿದ ಲವನ ಕಥೆ ನೆನಪಿದೆಯೇ? ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಕವಿಯ 'ಜೈಮಿನಿ ಭಾರತ'ದಲ್ಲಿ ಆ ಬಾಲಕ ರಾಮನ ಯಜ್ಞಾಶ್ವವನ್ನು ಬಾಳೆಗಿಡಕ್ಕೆ ಕಟ್ಟುತ್ತಾನೆ. ಹೆದರಿದ ಮುನಿಕುಮಾರರಿಗೆ ಅದು ಅತಿರೇಕ. ತಾಯಿಯ ಮಾನ ಕಾಯುವ ಮಗನಿಗೆ ಕರ್ತವ್ಯ. ಆದ್ದರಿಂದ ಧೈರ್ಯವನ್ನು ಅಳೆಯುವ ಮುನ್ನ ಕೇಳಬೇಕು: ಯಾರಿಗಾಗಿ? ಯಾರ ಬಲದಿಂದ?

ಸಂತ ಪೇತ್ರರನ್ನು ನೋಡಿ. ಪ್ರಭುವನ್ನು ಎಂದಿಗೂ ಕೈಬಿಡೆನೆಂದು ಸ್ವಂತ ಬಲ ನಂಬಿ ಎದೆತಟ್ಟಿದರು. ಅದೇ ರಾತ್ರಿ ದಾಸಿಯೊಬ್ಬಳ ಮಾತಿಗೆ ಅಂಜಿ ಅಲ್ಲಗಳೆದರು. ಪವಿತ್ರಾತ್ಮರನ್ನು ಪಡೆದ ಮೇಲೆ ಅದೇ ಪೇತ್ರರು ನ್ಯಾಯಸಭೆಯ ಮುಂದೆ ನಿರ್ಭಯವಾಗಿ ಸಾಕ್ಷಿ ನುಡಿದರು. ಬಿಡುಗಡೆಯಾಗಿ ಬಂದಾಗ ಭಕ್ತವೃಂದ ಬೇಡಿದ್ದು ಸುರಕ್ಷತೆಯನ್ನಲ್ಲ, ಶುಭಸಂದೇಶ ಸಾರುವ ಧೈರ್ಯವನ್ನು (ಪ್ರೇಷಿತರ ಕಾರ್ಯಕಲಾಪಗಳು, ಅಧ್ಯಾಯ 4).

ಇಂದು ರಾತ್ರಿ ಜಪಸರದ ನಂತರ ಕೇಳಿಕೊಳ್ಳೋಣ: ಮನೆಯಲ್ಲಿ ಏರುವ ನನ್ನ ದನಿ, ಬಡವನಿಗೆ ಅನ್ಯಾಯವಾದಾಗ ಎಲ್ಲಿ ಅಡಗುತ್ತದೆ? ಮಗಳು ಹೇಳಿದ್ದು ನಿಜವಾಗಿದ್ದರೆ 'ತಪ್ಪಾಯಿತು ಮಗಳೇ' ಎನ್ನುವ ಎದೆಗಾರಿಕೆ ನನಗಿದೆಯೇ? ಇಲ್ಲವಾದರೆ, ಅದನ್ನೇ ಪವಿತ್ರಾತ್ಮರಲ್ಲಿ ಬೇಡೋಣ.