ಕಾಣದ ಕೇಡು, ಸಾಕಿದವನ ಹೊಣೆ

ದಯೆಯೆಂದರೆ ಹಿಂಸಿಸದಿರುವುದು ಎಂಬುದು ಸಾಮಾನ್ಯವಾದ ಅಭಿಪ್ರಾಯ. ನಾಯಿಯನ್ನು ಹೊಡೆಯದೆ ಹೊತ್ತಿಗೆ ಸರಿಯಾಗಿ ಅನ್ನವಿಕ್ಕಿದವನು ತನ್ನ ಧರ್ಮವು ಪೂರೈಸಿತೆಂದು ತಿಳಿಯುತ್ತಾನೆ. ಆದರೆ ಯಾರೂ ಬಯಸದೆ, ಯಾರ ಕಣ್ಣಿಗೂ ಬೀಳದೆ ಬೆಳೆಯುವ ಕೇಡೂ ಉಂಟು. ಅದಕ್ಕೆ ಹೊಣೆ ಯಾರು? ನಾಯಿಬೆಕ್ಕುಗಳ ಹೃದಯದಲ್ಲಿ ನೆಲೆಸುವ ಹುಳುವಿನ ವೃತ್ತಾಂತವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಡೈರೊಫೈಲೇರಿಯ ಇಮ್ಮಿಟಿಸ್ ಎಂಬುದು ಈ ಹುಳುವಿನ ಶಾಸ್ತ್ರೀಯ ನಾಮ. ರೋಗವುಳ್ಳ ನಾಯಿಯ ರಕ್ತದಲ್ಲಿ ಇದರ ಅತಿಸೂಕ್ಷ್ಮವಾದ ಮರಿಗಳು ಸಂಚರಿಸುತ್ತಿರುತ್ತವೆ. ಸೊಳ್ಳೆ ಕಚ್ಚಿದಾಗ ಅವು ಅದರ ಒಡಲನ್ನು ಸೇರಿ, ಬೆಚ್ಚನೆಯ ಹವೆಯಲ್ಲಿ ಸುಮಾರು 10ರಿಂದ 14 ದಿನಗಳಲ್ಲಿ ಸೋಂಕುವ ಅವಸ್ಥೆಯನ್ನು ಹೊಂದುತ್ತವೆ. ಅದೇ ಸೊಳ್ಳೆ ಮತ್ತೊಂದು ನಾಯಿಯನ್ನು ಕಚ್ಚಿದರೆ ಆ ಗಾಯದ ಮೂಲಕ ಒಳಹೊಕ್ಕು, ಕೆಲವು ತಿಂಗಳು ಮಾಂಸಖಂಡಗಳಲ್ಲಿ ಸಾಗಿ, ಕಡೆಗೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳಗಳಲ್ಲಿ ನೆಲೆಸುತ್ತವೆ. ಆರೇಳು ತಿಂಗಳಲ್ಲಿ ಬಲಿತು ತಾವೂ ಮರಿಯಿಡುತ್ತವೆ. ಹೆಣ್ಣುಹುಳುವಿನ ಉದ್ದ 25ರಿಂದ 30 ಸೆಂಟಿಮೀಟರು. ನಾಯಿಯ ಒಡಲಲ್ಲಿ ಅದರ ಆಯುಸ್ಸು 5ರಿಂದ 7 ವರ್ಷ. ಮೊದಮೊದಲು ನಾಯಿ ಎಂದಿನಂತೆ ಬಾಲವಾಡಿಸುತ್ತಿರುತ್ತದೆ; ಕೆಮ್ಮು, ಆಯಾಸ, ಹೊಟ್ಟೆಯುಬ್ಬರಗಳು ತೋರುವ ವೇಳೆಗೆ ಹೃದಯವು ಬಳಲಿಹೋಗಿರುತ್ತದೆ.

ಬೆಕ್ಕಿನ ಒಡಲು ಈ ಹುಳುವಿಗೆ ಸಹಜವಾದ ಮನೆಯಲ್ಲ. ಅಲ್ಲಿ ಬಹುಪಾಲು ಮರಿಗಳು ಬಲಿಯುವ ಮೊದಲೇ ಸಾಯುತ್ತವೆ. ಆದರೆ ಸತ್ತ ಹುಳುವೂ ಶ್ವಾಸಕೋಶವನ್ನು ಕೆರಳಿಸಿ ಉಬ್ಬಸವನ್ನು ತರುತ್ತದೆ. ಉಳಿದ ಒಂದೆರಡು ಹುಳುಗಳೇ ಹಠಾತ್ತಾದ ಮರಣಕ್ಕೆ ಸಾಕು. ಬಲಿತ ಹುಳುವನ್ನು ಕೊಲ್ಲುವ ಮದ್ದು ನಾಯಿಗೆ ಉಂಟು, ಅದೂ ಅಪಾಯವಿಲ್ಲದ್ದಲ್ಲ. ಬೆಕ್ಕಿಗೆ ಕೊಡಬಹುದಾದ ನಿರಪಾಯವಾದ ಮದ್ದಿಲ್ಲ. ತಿಂಗಳಿಗೊಮ್ಮೆ ಕೊಡುವ ತಡೆಮದ್ದು ಮಾತ್ರ ಎಳೆಯ ಮರಿಗಳನ್ನು ಎರಡರಲ್ಲಿಯೂ ನಾಶಪಡಿಸುತ್ತದೆ.

ಭಾರತದಲ್ಲಿ ಈ ಹುಳು ಹೆಚ್ಚಾಗಿರುವುದು ಈಶಾನ್ಯ ರಾಜ್ಯಗಳಲ್ಲಿ. ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವುದು ಚರ್ಮದ ಕೆಳಗೆ ವಾಸಿಸುವ ಅದರ ದಾಯಾದಿ, ಡೈರೊಫೈಲೇರಿಯ ರೆಪೆನ್ಸ್. ಎರಡಕ್ಕೂ ವಾಹನ ಸೊಳ್ಳೆಯೇ. ಆದಕಾರಣ ದೇವನಹಳ್ಳಿಯ ದ್ರಾಕ್ಷಿತೋಟವನ್ನು ಕಾಯುವ ನಾಯಿಗಾಗಲಿ, ಹೊಸಕೋಟೆಯ ರೈತನ ಮನೆಯಲ್ಲಿ ಇಲಿ ಹಿಡಿಯುವ ಬೆಕ್ಕಿಗಾಗಲಿ ಭಯವಿಲ್ಲವೆನ್ನುವಂತಿಲ್ಲ.

ಇಲ್ಲಿ ತಪ್ಪು ಯಾರದು? ಸೊಳ್ಳೆ ರಕ್ತ ಹೀರುವುದು ತನ್ನ ಮೊಟ್ಟೆಗಳಿಗಾಗಿ. ಹುಳು ಬದುಕುವುದು ತನ್ನ ಸ್ವಭಾವದಂತೆ. ಇವುಗಳಲ್ಲಿ ದ್ವೇಷವಿಲ್ಲ, ಆದಕಾರಣ ಪಾಪವೂ ಇಲ್ಲ. ಹಾಗಾದರೆ ಇದು ಸೃಷ್ಟಿನಿಯಮ, ಸಹಿಸಬೇಕಾದುದೇ ಎಂದು ಪೂರ್ವಪಕ್ಷ ಹೂಡಬಹುದು. ಈ ವಾದವು ಬೆಂಗಳೂರಿನಲ್ಲಿಯೇ ಒಮ್ಮೆ ನಡೆದಿತ್ತು. 1883ರಲ್ಲಿ ಅಲ್ಲಿನ ದಂಡಿನ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಕಿಟಕಿಯ ಹೊರಗಿನ ತೊಟ್ಟಿಯ ನೀರನ್ನು ಚೆಲ್ಲಿದೊಡನೆ ಸೊಳ್ಳೆಗಳು ಕಡಮೆಯಾದುದನ್ನು ಕಂಡನು. ಉಳಿದ ತೊಟ್ಟಿಗಳನ್ನೂ ಬರಿದುಮಾಡಿಸೋಣವೆಂದಾಗ, ಸೃಷ್ಟಿಕ್ರಮಕ್ಕೆ ಭಂಗ ಕೂಡದೆಂದು ಅಧಿಕಾರಿಯೊಬ್ಬನು ಒಪ್ಪಲಿಲ್ಲವಂತೆ. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಗೂ ಮಲೇರಿಯಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದನು.

ಅರಿಯಲಾರದವನಿಗೆ ದೋಷವಿಲ್ಲ, ಅರಿಯಬಲ್ಲವನು ಅರಿಯದಿದ್ದರೆ ಅದು ಪ್ರಮಾದ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನನ್ನು ಕೊಂಡಾಡುವ ಮನೆಯ ಹಿತ್ತಲಲ್ಲಿಯೇ ತೊಟ್ಟಿಯ ನೀರು ವಾರಗಟ್ಟಲೆ ನಿಂತಿರಬಾರದು. ನೋವನ್ನು ಹೇಳಿಕೊಳ್ಳಲು ಮಾತಿಲ್ಲದ ಜೀವಿಯನ್ನು ಮನೆಗೆ ತಂದವನು ಅದು ನರಳುವವರೆಗೂ ಕಾಯಬಾರದು. ನಿಂತ ನೀರನ್ನು ಚೆಲ್ಲುವುದೂ, ನಾಯಿ ಉಲ್ಲಾಸದಿಂದಿರುವಾಗಲೇ ಪಶುವೈದ್ಯರಿಂದ ಅದರ ರಕ್ತವನ್ನು ಪರೀಕ್ಷೆ ಮಾಡಿಸುವುದೂ ಅನ್ನವಿಕ್ಕುವಷ್ಟೇ ಅಗತ್ಯವಾದ ಧರ್ಮ.